ಹೆಸರು ಬೇಡವೆಂದ ಉಣ್ಣೆಯ ವರ್ತಕ

ದಾನಿಗಳ ವಿಷಯ ಬಂದಾಗ ನಮ್ಮಲ್ಲಿ ಮೊದಲು ಏಳುವ ಪ್ರಶ್ನೆ ‘ಎಷ್ಟು ಕೊಟ್ಟರು?’ ಎಂಬುದು. ಹೇಗೆ ಕೊಟ್ಟರು, ಯಾರ ವಶಕ್ಕೆ ಕೊಟ್ಟರು, ಕೊಟ್ಟದ್ದು ಯಾರಿಗೆ ಸಲ್ಲಬೇಕೋ ಅವರು ದಿನದ ಯಾವ ಹೊತ್ತಿನಲ್ಲಿ ಅದರ ಬಳಿಗೆ ಬರಬಲ್ಲರೆಂದು ಯೋಚಿಸಿದ್ದರೇ ಎಂದು ವಿಚಾರಿಸುವವರು ವಿರಳ. ನನ್ನ ಮಟ್ಟಿಗೆ ದಾನಿಯ ಯೋಗ್ಯತೆ ತಿಳಿಯುವುದು ಈ ಎರಡನೆಯ ಬಗೆಯ ಪ್ರಶ್ನೆಗಳಿಂದಲೇ. ಈ ಮಾತನ್ನು ಬರಿಯ ಉಪದೇಶವಾಗಿ ಹೇಳಿದರೆ ‘ಮೇಷ್ಟ್ರು ಮತ್ತೆ ಪಾಠ ಆರಂಭಿಸಿದರು’ ಎಂದು ನೀವು ನಗುವಿರೆಂದು ಬಲ್ಲೆ. ಆದುದರಿಂದ ಒಬ್ಬ ವ್ಯಕ್ತಿಯ ಕಥೆಯನ್ನೇ ಹೇಳುತ್ತೇನೆ. ಆತ ಇಂಗ್ಲೆಂಡಿನವನು, ಉಣ್ಣೆಬಟ್ಟೆಯ ವರ್ತಕ. ಹೆಸರು ಜಾನ್ ಶೀಪ್‌ಶ್ಯಾಂಕ್ಸ್. ಆ ಮನೆತನದ ಹೆಸರಿನ ಅಕ್ಷರಾರ್ಥ ‘ಕುರಿಯ ಕಾಲು’. ಕುರಿಯ ಉಣ್ಣೆಯಿಂದ ಸಿರಿವಂತರಾದ ಮನೆತನಕ್ಕೆ ಇದಕ್ಕಿಂತ ಒಪ್ಪುವ ಹೆಸರನ್ನು ಯಾವ ಕಾದಂಬರಿಕಾರನೂ ಇಡಲಾರ. ಇಟ್ಟರೆ ಓದುಗರು ನಂಬಲಾರರು.

ಜಾನ್ ಹುಟ್ಟಿದ್ದು 1787ರಲ್ಲಿ, ಯಾರ್ಕ್‌ಷೈರ್ ಪ್ರಾಂತದ ಲೀಡ್ಸ್ ನಗರದಲ್ಲಿ. ತಂದೆ ಜೋಸೆಫ್ ಅವರು ಉಣ್ಣೆಬಟ್ಟೆಯ ಉದ್ಯಮಿ. ಯಾರ್ಕ್ ಮತ್ತು ಶೀಪ್‌ಶ್ಯಾಂಕ್ಸ್ ಎಂಬುದು ಅವರ ಪಾಲುದಾರಿಕೆಯ ಸಂಸ್ಥೆ. ಮಗನೂ ಮಧ್ಯವಯಸ್ಸಿನವರೆಗೆ ಅದರಲ್ಲಿಯೇ ಪಾಲುದಾರನಾಗಿದ್ದ. ಆ ಕಾಲದ ಲೀಡ್ಸ್ ಎಂದರೆ ಉಣ್ಣೆಬಟ್ಟೆಯ ರಾಜಧಾನಿ. ಸುತ್ತಲಿನ ಹಳ್ಳಿಗಳ ನೇಕಾರರು ಮನೆಯ ಮಗ್ಗದಲ್ಲಿ ನೇಯ್ದ ಬಟ್ಟೆಯನ್ನು ಹೊತ್ತು ತಂದು ‘ಕ್ಲಾತ್ ಹಾಲ್’ ಎಂಬ ದೊಡ್ಡ ಮಾರುಕಟ್ಟೆಯಲ್ಲಿ ಹರಡುತ್ತಿದ್ದರು. ಬಿಳಿಯ ಬಟ್ಟೆಗೆ ಒಂದು ಹಾಲ್, ಬಣ್ಣದ ಬಟ್ಟೆಗೆ ಮತ್ತೊಂದು. ವ್ಯಾಪಾರ ಕೂಗಾಟವಿಲ್ಲದೆ, ಪಿಸುಮಾತಿನಲ್ಲಿ, ಅಲ್ಪಾವಧಿಯಲ್ಲಿ ಮುಗಿಯುತ್ತಿದ್ದುದನ್ನು ಕಂಡು ಡೇನಿಯಲ್ ಡಿಫೋ ಬೆರಗಾಗಿ ಬರೆದಿದ್ದಾನೆ. ನಮ್ಮ ಸಂತೆಗಳನ್ನು ಬಲ್ಲವರಿಗೆ ಇದು ನಂಬಲು ಕಷ್ಟ.

ಹೀಗೆ ಕೊಂಡ ಬಟ್ಟೆ ಇನ್ನೂ ಒರಟು. ಅದನ್ನು ನೀರು ಮಣ್ಣು ಹಾಕಿ ಕುಟ್ಟಿ ಬಿಗಿಗೊಳಿಸಿ, ಒಣಗಿದ ಮುಳ್ಳುಗಾಯಿಗಳಿಂದ ಉಜ್ಜಿ ನಾರೆಬ್ಬಿಸಿ, ಆ ನಾರನ್ನು ಮಟ್ಟವಾಗಿ ಕತ್ತರಿಸಿದ ಮೇಲೆಯೇ ನಮ್ಮ ಹಿರಿಯರು ‘ಬನಾತು’ ‘ಸಕಲಾತಿ’ ಎಂದು ಕರೆಯುತ್ತಿದ್ದ ನುಣುಪಾದ ಬಟ್ಟೆ ಸಿದ್ಧವಾಗುತ್ತಿತ್ತು. ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ನಮ್ಮ ದೇಶಕ್ಕೆ ಹೊತ್ತು ತಂದ ಸರಕಿನಲ್ಲಿ ಇಂಗ್ಲೆಂಡಿನ ಇಂಥ ಬಟ್ಟೆಯೂ ಇತ್ತು. (ನಮ್ಮ ಕಂಬಳಿ ನೇಯುವವರು ನೂಲಿಗೆ ಹುಣಸೆಬೀಜದ ಗಂಜಿ ಹಚ್ಚಿ ಗಟ್ಟಿ ಮಾಡುತ್ತಾರೆ. ಉಣ್ಣೆ ಎಲ್ಲಿಯದಾದರೂ ಅದನ್ನು ಪಳಗಿಸಲು ಮನುಷ್ಯ ಪಡುವ ಪಾಡು ಒಂದೇ.)

ನಾರು ಕತ್ತರಿಸುವ ಕೆಲಸದವರ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಅವರ ಕತ್ತರಿಯ ತೂಕ ನಲವತ್ತು ಪೌಂಡಿಗೂ ಮಿಕ್ಕದ್ದು. ವರ್ಷಗಟ್ಟಲೆ ಅದನ್ನು ಹಿಡಿದು ಮಣಿಕಟ್ಟಿನಲ್ಲಿ ಗಂಟು ಬೆಳೆಯುತ್ತಿತ್ತು. ಅದನ್ನು ಅವರೇ ‘ಗೊರಸು’ ಎಂದು ಕರೆಯುತ್ತಿದ್ದರಂತೆ. ಕತ್ತರಿಸುವ ಯಂತ್ರ ಬಂದಾಗ ಈ ಜನ ಬೀದಿಗೆ ಬಿದ್ದರು. 1812ರಲ್ಲಿ ಯಾರ್ಕ್‌ಷೈರಿನಲ್ಲಿ ಯಂತ್ರಗಳನ್ನು ಒಡೆದ ದಂಗೆ ಎದ್ದಿತು; ಮರುವರ್ಷದ ಜನವರಿಯಲ್ಲಿ ಯಾರ್ಕ್ ಪಟ್ಟಣದಲ್ಲಿ ಹದಿನೇಳು ಮಂದಿಯನ್ನು ಗಲ್ಲಿಗೇರಿಸಿದರು. ಜಾನ್ ಶೀಪ್‌ಶ್ಯಾಂಕ್ಸ್ ಆಗ ಇಪ್ಪತ್ತೈದರ ತರುಣ, ಅದೇ ಉದ್ಯಮದಲ್ಲಿ ಬೆಳೆಯುತ್ತಿದ್ದವನು. 1830ರಲ್ಲಿ ರಿಚರ್ಡ್ ಓಸ್ಟ್ಲರ್ ಎಂಬವರು ಲೀಡ್ಸಿನ ಪತ್ರಿಕೆಗೆ ಬರೆದ ಪತ್ರವೊಂದರಲ್ಲಿ ಯಾರ್ಕ್‌ಷೈರಿನ ಉಣ್ಣೆ ಗಿರಣಿಗಳಲ್ಲಿ ಎಳೆಯ ಮಕ್ಕಳ ದುಡಿಮೆಯನ್ನು ಗುಲಾಮಗಿರಿಗೆ ಹೋಲಿಸಿದರು. ಆ ಕಾಲದ ಉಣ್ಣೆಯ ಹಣ ಎಂಥ ನೆಲದಿಂದ ಬಂದದ್ದೆಂಬುದನ್ನು ಮರೆತು ದಾನವನ್ನು ಕೊಂಡಾಡುವುದು ಸರಿಯಲ್ಲ. ಆದ್ದರಿಂದಲೇ ಇಷ್ಟು ಪೀಠಿಕೆ.

ಈ ವರ್ತಕನಿಗೆ ಚಿತ್ರಗಳ ಹುಚ್ಚು ಹಿಡಿದದ್ದು ಹೇಗೆ? ಎಲ್ಲ ಸಿರಿವಂತರಂತೆ ಆತನೂ ಮೊದಲು ಹಳೆಯ ಕಾಲದ ಹೆಸರಾಂತ ಕೃತಿಗಳ ಹಿಂದೆ ಹೋದ. ಹಾಲೆಂಡ್ ಮತ್ತು ಫ್ಲಾಂಡರ್ಸಿನ ಹಿಂದಿನ ಕಲಾವಿದರ ಅಚ್ಚಿನ ಚಿತ್ರಗಳನ್ನು ಸಂಗ್ರಹಿಸಿದ. ಆ ಸಂಗ್ರಹ 1836ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿಗೆ ಸೇರಿತು. ಅಷ್ಟರಲ್ಲಿ ಆತನ ಮನಸ್ಸು ಬೇರೊಂದು ಕಡೆಗೆ ತಿರುಗಿತ್ತು: ತನ್ನ ಕಾಲದಲ್ಲಿ ತನ್ನ ನಾಡಿನಲ್ಲಿ ಬದುಕಿದ್ದ ಚಿತ್ರಕಾರರ ಕಡೆಗೆ. ಇದು ಆಗ ಸಣ್ಣ ಮಾತಲ್ಲ. ಇಂಗ್ಲೆಂಡಿನ ಶ್ರೀಮಂತರಿಗೆ ಚಿತ್ರವೆಂದರೆ ಇಟಲಿಯದು, ಮುನ್ನೂರು ವರ್ಷ ಹಳೆಯದು. ಮೈಮೇಲೆ ಬಣ್ಣದ ಕಲೆಯಿದ್ದು, ಬಾಡಿಗೆ ಕಟ್ಟಲು ಪರದಾಡುವ ಪಕ್ಕದ ಬೀದಿಯ ಮನುಷ್ಯನೂ ಕಲಾವಿದನೆಂದು ಒಪ್ಪುವುದು ಯಾವ ಕಾಲದಲ್ಲಿಯೂ ಕಷ್ಟವೇ.

ಶೀಪ್‌ಶ್ಯಾಂಕ್ಸ್ ಅಂಥವರ ಸ್ನೇಹಿತನಾದ. ವ್ಯಾಪಾರ ಬಿಟ್ಟು ಲಂಡನ್ನಿಗೆ ಬಂದು ನೆಲೆಸಿದ. ಮದುವೆಯಾಗಲಿಲ್ಲ. ತೋಟಗಾರಿಕೆಯ ಆಸಕ್ತಿ, ಗೆಳೆಯರಿಗೆ ಊಟ, ಗೋಡೆಯ ತುಂಬ ಚಿತ್ರ: ಇಷ್ಟೇ ಅವನ ಸಂಸಾರ. ವಿಲಿಯಂ ಮಲ್ರೆಡಿ ಎಂಬ ಕಲಾವಿದ 1830ರ ದಶಕದ ಆರಂಭದಲ್ಲಿ ಅವನ ಮನೆಯ ಒಳಾಂಗಣವನ್ನು ಚಿತ್ರಿಸಿದ್ದಾನೆ. ಅದರಲ್ಲಿ ಸಭಾಪತಿಗಳ ಗತ್ತಿನ ಭಂಗಿಯಿಲ್ಲ, ಸರಪಳಿ ಗಡಿಯಾರದ ಮೆರವಣಿಗೆಯಿಲ್ಲ. ಕುರ್ಚಿಯಲ್ಲಿ ಕುಳಿತು ಚಿತ್ರಗಳನ್ನು ನೋಡುತ್ತಿರುವ ಒಬ್ಬ ಗೃಹಸ್ಥ, ಒಳಗೆ ಬರುತ್ತಿರುವ ಮನೆಗೆಲಸದಾಕೆ. ತನ್ನನ್ನು ಹೀಗೆ ಚಿತ್ರಿಸಲು ಬಿಟ್ಟ ಧನಿಕನ ಸ್ವಭಾವ ನನಗೆ ಆ ಒಂದು ಚಿತ್ರದಿಂದಲೇ ಅರ್ಧ ಅರ್ಥವಾಯಿತು.

ಅವನು ಆರಿಸಿದ ಚಿತ್ರಗಳಲ್ಲಿ ಮೂರನ್ನು ಮಾತ್ರ ಹೇಳುತ್ತೇನೆ. ಮೊದಲನೆಯದು ಮಲ್ರೆಡಿಯದೇ, 1845ರದು. ಗೋಲ್ಡ್‌ಸ್ಮಿತ್ತನ ‘ವಿಕಾರ್ ಆಫ್ ವೇಕ್‌ಫೀಲ್ಡ್’ ಕಾದಂಬರಿಯ ಆರಂಭದ ಒಂದು ಸಂಗತಿ ಅದರ ವಸ್ತು. (ನಮ್ಮ ಕಾಲದ ಇಂಗ್ಲಿಷ್ ಪಠ್ಯದಲ್ಲಿ ಈ ಕಾದಂಬರಿಯ ಹೆಸರು ಕೇಳಿ ನಡುಗಿದವರು ಕೆಲವರಾದರೂ ಈ ಪುಟವನ್ನು ಓದುತ್ತಿರಬಹುದು.) ಮದುವೆಯ ಉಡುಪಿಗಾಗಿ ಅಂಗಡಿಯಲ್ಲಿ ಬಟ್ಟೆ ಆರಿಸುತ್ತಿರುವ ಹೆಣ್ಣು, ಹೊಳಪಿಗಿಂತ ಬಾಳಿಕೆ ನೋಡಿ ಆರಿಸುವ ಜಾಣೆ. ಬದುಕಿನ ಅರ್ಧಭಾಗವನ್ನು ಬಟ್ಟೆಯ ಗುಣ ಪರೀಕ್ಷಿಸುವುದರಲ್ಲಿಯೇ ಕಳೆದವನು ಈ ಚಿತ್ರವನ್ನು ಕೊಂಡನೆಂದರೆ ಆಶ್ಚರ್ಯವೇನು? ಎರಡನೆಯದು ಎಡ್ವಿನ್ ಲ್ಯಾಂಡ್‌ಸೀರ್ 1837ರಲ್ಲಿ ಬರೆದ, ಮುದಿ ಕುರುಬನ ಸಾವಿನ ಚಿತ್ರ. ಬಡಗುಡಿಸಲು, ಕಂಬಳಿ ಹೊದಿಸಿದ ಶವಪೆಟ್ಟಿಗೆ, ಅಳುವವರು ಯಾರೂ ಇಲ್ಲ. ಅವನ ನಾಯಿ ಮಾತ್ರ ಪೆಟ್ಟಿಗೆಯ ಮೇಲೆ ಗದ್ದವೂರಿ ಕುಳಿತಿದೆ. ವಿಮರ್ಶಕ ರಸ್ಕಿನ್ ಈ ಚಿತ್ರವನ್ನು ಬಹುವಾಗಿ ಮೆಚ್ಚಿ ಬರೆದಿದ್ದಾನೆ. ನನಗೆ ತೋರುವುದು ಬೇರೆ. ಉಣ್ಣೆಯ ಸರಪಳಿಯ ಒಂದು ತುದಿಯಲ್ಲಿ ಲೀಡ್ಸಿನ ವರ್ತಕ, ಇನ್ನೊಂದು ತುದಿಯಲ್ಲಿ ಗುಡ್ಡದ ಮೇಲೆ ಒಂಟಿಯಾಗಿ ಸಾಯುವ ಕುರುಬ. ಆ ತುದಿಯವನ ಚಿತ್ರವನ್ನು ಈ ತುದಿಯವನು ತನ್ನ ಸಂಗ್ರಹದಲ್ಲಿ ಇಟ್ಟುಕೊಂಡಿದ್ದ. ಅದರಿಂದ ಅವನ ಅಂತರಂಗ ತಿಳಿಯಿತೆಂದು ನಾನು ಹೇಳಲಾರೆ. ಆದರೂ ಆ ಸಂಗತಿ ನನ್ನನ್ನು ಕಾಡುತ್ತದೆ.

ಮೂರನೆಯದು ಜಾನ್ ಕಾನ್‌ಸ್ಟೆಬಲ್ 1823ರಲ್ಲಿ ಬರೆದ ಸಾಲಿಸ್‌ಬರಿಯ ದೊಡ್ಡ ಇಗರ್ಜಿಯ ಚಿತ್ರ. ಅದನ್ನು ಬರೆಸಿದ ಬಿಷಪ್ಪರಿಗೆ ಗೋಪುರದ ಹಿಂದಿನ ಕಪ್ಪು ಮೋಡ ಹಿಡಿಸಲಿಲ್ಲ. ಆಕಾಶ ತಿಳಿಯಾಗಿರುವ ಇನ್ನೊಂದನ್ನು ಬರೆಯಲು ಹೇಳಿದರು. ಮೋಡವಿದ್ದ ಚಿತ್ರವೇ ಮುಂದೆ ನಮ್ಮ ವರ್ತಕನ ಸಂಗ್ರಹಕ್ಕೆ ಬಂದಿತು. ಬಿಷಪ್ಪರಿಗಿಂತ ಬಟ್ಟೆವ್ಯಾಪಾರಿಯ ಕಣ್ಣು ಚೆನ್ನಾಗಿತ್ತೆಂದು ಕಾಲ ತೀರ್ಪು ಕೊಟ್ಟಿದೆ.

ಈಗ ಮುಖ್ಯ ವಿಷಯ. ಎಪ್ಪತ್ತರ ಅಂಚಿನಲ್ಲಿದ್ದ ಶೀಪ್‌ಶ್ಯಾಂಕ್ಸ್ 1857ರಲ್ಲಿ, ಅಂದರೆ ನಮ್ಮಲ್ಲಿ ಸಿಪಾಯಿಗಳು ಎದ್ದ ವರ್ಷ, ತನ್ನ 233 ತೈಲಚಿತ್ರಗಳನ್ನೂ ಸುಮಾರು 300 ಜಲವರ್ಣ ಹಾಗೂ ರೇಖಾಚಿತ್ರಗಳನ್ನೂ ದೇಶಕ್ಕೆ ಬರೆದುಕೊಟ್ಟ. ಸತ್ತ ಮೇಲೆ ಸಲ್ಲಲೆಂದು ಉಯಿಲಿನಲ್ಲಿ ಬರೆದಿಡಲಿಲ್ಲ. ಬದುಕಿರುವಾಗಲೇ, ಮನೆಯ ಗೋಡೆಯಿಂದ ಇಳಿಸಿ ಕೊಟ್ಟ. ದಾನಪತ್ರದ ವಿವರಗಳನ್ನು ಓದುವಾಗ ನನಗೆ ನಮ್ಮ ಶಿಲಾಶಾಸನಗಳು ನೆನಪಾದವು. ನಮ್ಮ ದಾನಶಾಸನಗಳಲ್ಲಿ ಮೊದಲು ದಾನಿಯ ವಂಶಾವಳಿ, ಬಿರುದುಗಳ ಮಾಲೆ. ಆಮೇಲೆ ಭೂಮಿಯ ಎಲ್ಲೆ. ಸೂರ್ಯಚಂದ್ರರಿರುವವರೆಗೆ ಸಲ್ಲಲೆಂಬ ಆಶಯ. ಕೊನೆಗೆ ಇದನ್ನು ಕೆಡಿಸಿದವನಿಗೆ ಘೋರ ಶಾಪ. ಇವುಗಳಲ್ಲಿ ನನಗೆ ಹೆಚ್ಚು ಇಷ್ಟವಾಗುವುದು ಎಲ್ಲೆಯ ಭಾಗ: ಮೂಡಲಿಗೆ ಹಳ್ಳ, ತೆಂಕಲಿಗೆ ಹುಣಸೆಮರ ಎಂಬಂಥ ಖಚಿತ ಮಾತು. ಶೀಪ್‌ಶ್ಯಾಂಕ್ಸನ ಪತ್ರದಲ್ಲಿ ಬಿರುದೂ ಇಲ್ಲ, ಶಾಪವೂ ಇಲ್ಲ. ಇರುವುದು ಎಲ್ಲೆಯ ಭಾಗ ಮಾತ್ರ.

ಅವನು ಹಾಕಿದ ಎಲ್ಲೆಗಳನ್ನು ನೋಡಿ. ಚಿತ್ರಗಳು ಲಂಡನ್ನಿನ ನಡುಬೀದಿಯ ಹೊಗೆ, ಧೂಳಿನಿಂದ ದೂರವಿರುವ ಗಾಳಿಬೆಳಕಿನ ಸ್ಥಳದಲ್ಲಿರಬೇಕು. ಇದಕ್ಕೆ ಕಾರಣವಿತ್ತು. ಹತ್ತು ವರ್ಷ ಮೊದಲು, 1847ರಲ್ಲಿ, ರಾಬರ್ಟ್ ವರ್ನನ್ ಎಂಬವರು ಬ್ರಿಟಿಷ್ ಚಿತ್ರಗಳ ದೊಡ್ಡ ಸಂಗ್ರಹವೊಂದನ್ನು ನ್ಯಾಷನಲ್ ಗ್ಯಾಲರಿಗೆ ಕೊಟ್ಟಿದ್ದರು. ಅಲ್ಲಿ ಜಾಗ ಸಾಲದೆ ಅವನ್ನು ಬೇರೊಂದು ಭವನಕ್ಕೆ ಸಾಗಿಸಬೇಕಾಯಿತು. ಕೊಟ್ಟದ್ದು ಮೂಲೆಗೆ ಬೀಳುವುದನ್ನು ಶೀಪ್‌ಶ್ಯಾಂಕ್ಸ್ ಕಂಡಿದ್ದ. ಕಲಾ ವಿದ್ಯಾರ್ಥಿಗಳಿಗೆ ಈ ಚಿತ್ರಗಳಿಂದ ಉಪಯೋಗವಾಗಬೇಕು ಎಂಬುದು ಮತ್ತೊಂದು ಅಪೇಕ್ಷೆ. ಆದ್ದರಿಂದಲೇ ಹೆನ್ರಿ ಕೋಲ್ ಮತ್ತು ಚಿತ್ರಕಾರ ರಿಚರ್ಡ್ ರೆಡ್‌ಗ್ರೇವ್ ಸೌತ್ ಕೆನ್ಸಿಂಗ್ಟನ್ನಿನಲ್ಲಿ ಕಟ್ಟುತ್ತಿದ್ದ ಹೊಸ ಸಂಗ್ರಹಾಲಯವನ್ನು ಆರಿಸಿದ. ಇಂದು ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಂ ಎಂದು ಹೆಸರಾದದ್ದು ಅದೇ.

ಇವೆಲ್ಲಕ್ಕಿಂತ ಮಿಗಿಲಾದದ್ದು ಇನ್ನೊಂದು. ಈ ಚಿತ್ರಗಳನ್ನು ಪ್ರತ್ಯೇಕವಾಗಿ ಇಡಬೇಕೆಂದಾಗಲಿ, ಅವಕ್ಕೆ ತನ್ನ ಹೆಸರನ್ನು ಇಡಬೇಕೆಂದಾಗಲಿ ತನಗೆ ಇಚ್ಛೆಯಿಲ್ಲವೆಂದು ಅವನು ತಿಳಿಸಿದ. ಮುಂದೆ ಇತರರೂ ಕೊಡಲಿ, ಎಲ್ಲವೂ ಬೆರೆಯಲಿ, ನಾಡಿನ ಕಲೆಯ ಪೂರ್ಣ ಸಂಗ್ರಹವೊಂದು ಬೆಳೆಯಲಿ ಎಂಬುದು ಅವನ ಆಶಯ. ತನ್ನದು ಬೀಜ, ಬೆಳೆಗೆ ತನ್ನ ಹೆಸರೇಕೆ ಎಂಬ ಭಾವ. ಜನ ಸುಮ್ಮನಿರುತ್ತಾರೆಯೇ? ಅವನ ಚಿತ್ರಗಳಿಗೆಂದು ಕ್ಯಾಪ್ಟನ್ ಫ್ರಾನ್ಸಿಸ್ ಫೋಕ್ ಎಂಬ ಸೈನ್ಯದ ಇಂಜಿನಿಯರ್ ಕಟ್ಟಿದ ಕಟ್ಟಡವನ್ನು ಎಲ್ಲರೂ ಶೀಪ್‌ಶ್ಯಾಂಕ್ಸ್ ಗ್ಯಾಲರಿ ಎಂದೇ ಕರೆದರು. ಬೇಡವೆಂದವನ ಹೆಸರನ್ನು ಜನರೇ ಇಟ್ಟರು. ಇದನ್ನು ಯಾರೂ ಆಕ್ಷೇಪಿಸಬೇಕಾಗಿಲ್ಲ.

ಆ ಕಟ್ಟಡದ ಒಂದು ವಿಶೇಷವನ್ನು ವಿಜ್ಞಾನದ ಮೇಷ್ಟರುಗಳು ಗಮನಿಸಬೇಕು. ಅಲ್ಲಿ ಸಂಜೆಯ ಹೊತ್ತು ಗ್ಯಾಸ್ ದೀಪಗಳನ್ನು ಉರಿಸಿ ಚಿತ್ರಗಳನ್ನು ತೋರಿಸಿದರು. ಹಗಲೆಲ್ಲ ದುಡಿಯುವವನು ಹಗಲು ಚಿತ್ರ ನೋಡಲು ಬರಲಾರ. ಸಂಜೆ ಹೆಂಡತಿ ಮಕ್ಕಳೊಂದಿಗೆ ಹೆಂಡದಂಗಡಿಗೆ ಬದಲು ಇಲ್ಲಿಗೆ ಬರಲಿ ಎಂಬುದು ಕೋಲ್ ಅವರ ವಾದ. ಗ್ಯಾಸಿನ ಹೊಗೆಯಿಂದ ಚಿತ್ರ ಕೆಡುತ್ತದೆಂಬ ಆತಂಕ ಎದ್ದಾಗ ಅದನ್ನು ಪರೀಕ್ಷಿಸಲು ಒಂದು ಸಮಿತಿ ನೇಮಕವಾಯಿತು. ಅದರಲ್ಲಿದ್ದವರು ಯಾರೆಂದುಕೊಂಡಿರಿ? ಮೈಕೆಲ್ ಫ್ಯಾರಡೆ, ಜಾನ್ ಟಿಂಡಲ್, ರಸಾಯನಶಾಸ್ತ್ರಜ್ಞ ಹಾಫ್‌ಮನ್! ಸರಿಯಾಗಿ ಅಳವಡಿಸಿ, ಗಾಳಿಯ ಹೊರದಾರಿ ಇಟ್ಟರೆ ಭಯವಿಲ್ಲವೆಂದು ಅವರು 1859ರಲ್ಲಿ ವರದಿ ಕೊಟ್ಟರು. ದುಡಿಯುವವನ ಸಂಜೆಯ ಎರಡು ಗಂಟೆಗಾಗಿ ಫ್ಯಾರಡೆಯಂಥವರು ಕುಳಿತು ತಲೆ ಕೆಡಿಸಿಕೊಂಡರೆಂಬುದನ್ನು ನೆನೆದಾಗ ನನಗೆ ಆ ಶತಮಾನದ ಮೇಲಿನ ಕೋಪ ಸ್ವಲ್ಪ ಕಡಿಮೆಯಾಗುತ್ತದೆ.

ಇನ್ನು ಭಾನುವಾರದ ಪ್ರಶ್ನೆ. ನಾನು ಈ ಲೇಖನ ಬರೆಯಲು ನಿಜವಾದ ಕಾರಣವೇ ಅದು. ಕಾರ್ಮಿಕನಿಗೆ ಪೂರ್ತಿ ಬಿಡುವಿದ್ದದ್ದು ವಾರಕ್ಕೆ ಒಂದು ದಿನ, ಭಾನುವಾರ. ಆದರೆ ಅಂದಿನ ಇಂಗ್ಲೆಂಡಿನಲ್ಲಿ ಭಾನುವಾರ ದೇವರ ದಿನ. ಲಂಡನ್ನಿನ ಸರ್ಕಾರಿ ಸಂಗ್ರಹಾಲಯಗಳ ಬಾಗಿಲು ಅಂದು ಮುಚ್ಚಿರಬೇಕೆಂಬುದು ಧಾರ್ಮಿಕರ ಹಟ. 1856ರಲ್ಲಿ ಸರ್ ಜೋಶುವಾ ವಾಮ್ಸ್‌ಲಿ ಎಂಬ ಸದಸ್ಯರು ಭಾನುವಾರ ಮಧ್ಯಾಹ್ನ ಬ್ರಿಟಿಷ್ ಮ್ಯೂಸಿಯಮ್ಮನ್ನೂ ನ್ಯಾಷನಲ್ ಗ್ಯಾಲರಿಯನ್ನೂ ತೆರೆಯಬೇಕೆಂದು ಪಾರ್ಲಿಮೆಂಟಿನಲ್ಲಿ ನಿರ್ಣಯ ತಂದರು. ಪರವಾಗಿ 48 ಮತ, ವಿರುದ್ಧ 376. ಇಂಥ ಸೋಲಾದ ಮರುವರ್ಷವೇ ಶೀಪ್‌ಶ್ಯಾಂಕ್ಸ್ ತನ್ನ ದಾನಪತ್ರದಲ್ಲಿ ಬರೆಸಿದ: ಸಾರ್ವಜನಿಕರಿಗೆ, ವಿಶೇಷವಾಗಿ ದುಡಿಯುವ ವರ್ಗದವರಿಗೆ, ಭಾನುವಾರ ಮಧ್ಯಾಹ್ನ ಈ ಚಿತ್ರಗಳನ್ನು ನೋಡುವ ಅವಕಾಶ ಸಿಗಬೇಕೆಂಬುದು ತನ್ನ ಅಪೇಕ್ಷೆ. ಅದರ ಬೆನ್ನಿಗೇ ಇನ್ನೊಂದು ಮಾತು: ಆದರೆ ಇದು ದಾನದ ಷರತ್ತಲ್ಲ.

ಈ ಎರಡು ವಾಕ್ಯಗಳ ನಡುವಿನ ಅಂತರವನ್ನು ನಾನು ಬಹಳ ದಿನ ಚಿಂತಿಸಿದ್ದೇನೆ. ಷರತ್ತು ಹಾಕಿದ್ದರೆ ಏನಾಗುತ್ತಿತ್ತು? 376 ಮತಗಳ ಪಾರ್ಲಿಮೆಂಟು ಅಂಥ ದಾನವನ್ನು ಸ್ವೀಕರಿಸುತ್ತಿರಲಿಲ್ಲವೆಂದೇ ನನ್ನ ಊಹೆ. ಹಟ ಹಿಡಿದಿದ್ದರೆ ಚಿತ್ರಗಳು ಸಿರಿವಂತರ ಮನೆಗಳಿಗೆ ಚದರಿ ಹೋಗಬಹುದಾಗಿತ್ತು. ಹಾಗೆಂದು ಆಸೆಯನ್ನು ಮನಸ್ಸಿನಲ್ಲಿಯೇ ಇಟ್ಟುಕೊಂಡಿದ್ದರೆ ಅದು ಅವನೊಂದಿಗೆ ಮಣ್ಣಾಗುತ್ತಿತ್ತು. ಅವನು ಅದನ್ನು ಕಾಗದದ ಮೇಲೆ ಇಟ್ಟ. 1863ರ ಅಕ್ಟೋಬರ್ 5ರಂದು ತೀರಿಕೊಂಡ. ಆ ಅಪೇಕ್ಷೆ ಅವನ ನಂತರವೂ ಕಾಗದದಲ್ಲಿಯೇ ಕಾದಿತ್ತು. ಲಂಡನ್ನಿನ ರಾಷ್ಟ್ರೀಯ ಸಂಗ್ರಹಾಲಯಗಳ ಬಾಗಿಲು ಭಾನುವಾರ ತೆರೆದದ್ದು 1896ರಲ್ಲಿ. ಮೂವತ್ತೊಂಬತ್ತು ವರ್ಷ! 1857ರಲ್ಲಿ ಇಪ್ಪತ್ತರ ಹರೆಯದಲ್ಲಿದ್ದ ಕಾರ್ಮಿಕನಿಗೆ ಆಗ ಅರವತ್ತು ಸಮೀಪಿಸಿತ್ತು.

ಅವನು ಹೇಡಿತನ ತೋರಿದನೆಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಒಂದು ತಲೆಮಾರಿನ ಭಾನುವಾರಗಳು ನಷ್ಟವಾದದ್ದು ದಿಟ. ಆ ನಷ್ಟದ ಹೊಣೆ ಬಾಗಿಲು ಮುಚ್ಚಿದವರದು. ಕೊಡುವವನಿಗೆ ಎರಡು ತಾಳ್ಮೆಗಳಿರಬೇಕು. ಸಿಗುವಷ್ಟನ್ನು ಇಂದು ಪಡೆಯುವ ತಾಳ್ಮೆ ಒಂದು. ಸಿಗದಿರುವುದನ್ನು ಮುಚ್ಚಿಡದೆ ಬರೆದಿಡುವ ತಾಳ್ಮೆ ಇನ್ನೊಂದು. ಎರಡನೆಯದು ಅಪರೂಪ.

ಹಾಗಾದರೆ ಆತನಲ್ಲಿ ದೋಷವೇ ಇಲ್ಲವೇ? ಇದೆ, ನನ್ನ ದೃಷ್ಟಿಯಲ್ಲಿ ದೊಡ್ಡದೇ ಇದೆ. ಹಣ ಹುಟ್ಟಿದ್ದು ಲೀಡ್ಸಿನಲ್ಲಿ; ಚಿತ್ರಗಳು ಹೋದದ್ದು ಲಂಡನ್ನಿಗೆ. ಮಣಿಕಟ್ಟಿನಲ್ಲಿ ಗೊರಸು ಬೆಳೆಸಿಕೊಂಡವನ ಮೊಮ್ಮಕ್ಕಳು ಸೌತ್ ಕೆನ್ಸಿಂಗ್ಟನ್ನಿಗೆ ಹೋಗಿ ಚಿತ್ರ ನೋಡುವುದು ಎಂತು? ಲೀಡ್ಸಿಗೆ ತನ್ನದೇ ಸಾರ್ವಜನಿಕ ಕಲಾಶಾಲೆ ದೊರೆತದ್ದು 1888ರಲ್ಲಿ. ಉತ್ತರದ ಕಾರ್ಮಿಕರಿಗೆ ಚಿತ್ರಗಳಲ್ಲಿ ಆಸಕ್ತಿಯಿರಲಿಲ್ಲ ಎನ್ನುವಂತಿಲ್ಲ. ಅದೇ 1857ರಲ್ಲಿ ಮ್ಯಾಂಚೆಸ್ಟರಿನಲ್ಲಿ ನಡೆದ ಮಹಾ ಕಲಾಪ್ರದರ್ಶನಕ್ಕೆ ಹತ್ತು ಲಕ್ಷಕ್ಕೂ ಮಿಕ್ಕಿ ಜನ ಬಂದರು. ಉಣ್ಣೆಯ ಮತ್ತೊಬ್ಬ ಧನಿಕ ಟೈಟಸ್ ಸಾಲ್ಟ್ ತನ್ನ ಗಿರಣಿಯ ಎರಡು ಸಾವಿರಕ್ಕೂ ಹೆಚ್ಚು ಕೆಲಸಗಾರರನ್ನು ವಿಶೇಷ ರೈಲುಗಳಲ್ಲಿ ಅಲ್ಲಿಗೆ ಕರೆದೊಯ್ದ. ಸಾಲ್ಟ್‌ನಿಗೆ ಹೆಸರಿನ ಮೋಹ ಧಾರಾಳವಾಗಿತ್ತು. ಕಟ್ಟಿದ ಊರಿಗೇ ತನ್ನ ಹೆಸರು ಸೇರಿಸಿ ಸಾಲ್ಟೇರ್ ಎಂದು ಕರೆದ. ಆದರೂ ತನ್ನ ಕೆಲಸಗಾರರ ಮುಖಪರಿಚಯ ಅವನಿಗಿತ್ತು. ಶೀಪ್‌ಶ್ಯಾಂಕ್ಸ್ ‘ದುಡಿಯುವ ವರ್ಗ’ವನ್ನು ನೆನೆದ, ತನ್ನ ಊರಿನ ದುಡಿಯುವವರನ್ನು ಮರೆತ. ಊರು ಬಿಟ್ಟು ದೂರದಲ್ಲಿ ಏಳಿಗೆಯಾದ ನಿಮ್ಮಲ್ಲಿ ಹಲವರಿಗೆ ಈ ಮಾತು ಸ್ವಲ್ಪ ಚುಚ್ಚಿದರೆ ನನಗೆ ಬೇಸರವಿಲ್ಲ.

ಆ ಮನೆಯ ಇನ್ನಿಬ್ಬರ ವಿಷಯ ಹೇಳದಿದ್ದರೆ ಕಥೆ ಅಪೂರ್ಣ. ತಮ್ಮ ರಿಚರ್ಡ್ ಖಗೋಳಶಾಸ್ತ್ರಜ್ಞ. 1834ರಲ್ಲಿ ಪಾರ್ಲಿಮೆಂಟ್ ಭವನ ಸುಟ್ಟಾಗ ದೇಶದ ಮೂಲ ‘ಗಜ’ದ ಅಳತೆಗೋಲೂ ಹಾಳಾಯಿತು. ಹೊಸ ಪ್ರಮಾಣದ ಗಜವನ್ನು ಸಿದ್ಧಪಡಿಸುವ ಕೆಲಸವನ್ನು ವರ್ಷಗಟ್ಟಲೆ ಮಾಡಿದವನು ಈತ. ಬಟ್ಟೆಯನ್ನು ಗಜದಿಂದ ಅಳೆದು ಸಿರಿವಂತರಾದ ಮನೆಯ ಮಗ ದೇಶಕ್ಕೆ ಗಜವನ್ನೇ ಅಳೆದುಕೊಟ್ಟ! ಅವನು 1855ರಲ್ಲಿ ತೀರಿದ ಮೇಲೆ ಅಕ್ಕ ಆ್ಯನ್ ಅವರು 1858ರಲ್ಲಿ ಅವನ ನೆನಪಿಗಾಗಿ ಕೇಂಬ್ರಿಜ್ ವಿಶ್ವವಿದ್ಯಾಲಯಕ್ಕೆ ಖಗೋಳ ಸಂಶೋಧನೆಗೆಂದು 10,000 ಪೌಂಡ್ ಕೊಟ್ಟರು. ಚಂದ್ರನ ಉತ್ತರ ಭಾಗದ ಒಂದು ಕುಳಿಗೆ ಶೀಪ್‌ಶ್ಯಾಂಕ್ಸ್ ಎಂಬ ಹೆಸರಿದೆ. ಅದು ಈಕೆಯ ಗೌರವಾರ್ಥ. ಗೋಡೆಯ ಮೇಲೆ ತನ್ನ ಹೆಸರು ಬೇಡವೆಂದ ಅಣ್ಣ, ಚಂದ್ರನ ಮೇಲೆ ಹೆಸರು ಪಡೆದ ತಂಗಿ. ‘ಆಚಂದ್ರಾರ್ಕ’ ಎಂಬ ನಮ್ಮ ಶಾಸನಗಳ ಮಾತು ಆ ಮನೆತನಕ್ಕೆ ಅರ್ಧದಷ್ಟಾದರೂ ಅಕ್ಷರಶಃ ಸಂದಿತು.

ನಮ್ಮ ಕಡೆಗೆ ಬರೋಣ. ಟ್ಯೂಬ್‌ಲೈಟಿನ ಪಟ್ಟಿಯ ಮೇಲೆ, ಅದರ ಬೆಳಕೇ ಮರೆಯಾಗುವಷ್ಟು ದಪ್ಪಕ್ಷರದಲ್ಲಿ ದಾನಿಯ ಹೆಸರು ಬರೆಸುವುದನ್ನು ನೀವೆಲ್ಲ ಕಂಡಿದ್ದೀರಿ. ಫ್ಯಾನಿನ ರೆಕ್ಕೆಯ ಮೇಲೆ ಬರೆಸಿದವರೂ ಇದ್ದಾರೆ. ಅದು ತಿರುಗುವಾಗ ಓದಲಾಗದು, ನಿಂತಾಗ ಶೆಕೆಯಲ್ಲಿ ಓದುವ ಮನಸ್ಸಿರದು. ಇದು ನಗುವ ವಿಷಯ. ನಗಲಾರದ ವಿಷಯ ಬೇರೆ ಇದೆ. ನಾನು ಕೆಲಸ ಮಾಡಿದ ಶಾಲೆಯೊಂದಕ್ಕೆ ಉದಾರಿಯೊಬ್ಬರು ಎರಡು ಗಾಜಿನ ಬೀರುಗಳ ತುಂಬ ಒಳ್ಳೆಯ ಪುಸ್ತಕಗಳನ್ನು ಕೊಟ್ಟಿದ್ದರು. ಪುಸ್ತಕ ಕಳೆದರೆ ಸಂಬಳದಲ್ಲಿ ಹಿಡಿಯುವರೆಂಬ ಭಯದಿಂದ ಉಸ್ತುವಾರಿಯವರು ಬೀಗ ತೆಗೆಯುತ್ತಿರಲಿಲ್ಲ. ಮಕ್ಕಳು ಮಧ್ಯಾಹ್ನದ ಬಿಡುವಿನಲ್ಲಿ ಗಾಜಿಗೆ ಮೂಗೊತ್ತಿ ಪುಸ್ತಕಗಳ ಬೆನ್ನಿನ ಮೇಲಿನ ಹೆಸರುಗಳನ್ನು ಓದಿಕೊಂಡು ಹೋಗುತ್ತಿದ್ದರು. ದಾನಿಯ ಹೆಸರು ಬೀರುವಿನ ನೆತ್ತಿಯ ಮೇಲೆ ಬಂಗಾರದ ಬಣ್ಣದಲ್ಲಿತ್ತು. ಬೀಗ ಯಾವ ದಿನ, ಎಷ್ಟು ಹೊತ್ತು ತೆರೆಯಬೇಕೆಂದು, ಕಳೆದ ಪುಸ್ತಕದ ನಷ್ಟ ಯಾರದೆಂದು ಅವರು ಒಂದು ಸಾಲು ಬರೆದುಕೊಟ್ಟಿದ್ದರೆ ಸಾಕಾಗಿತ್ತು.

ಈಚೆಗೆ ಹಳೆಯ ವಿದ್ಯಾರ್ಥಿಗಳ ಬಳಗವೊಂದು ಹಳ್ಳಿಯ ಶಾಲೆಗೆ ವಾಚನಾಲಯದ ಕೊಠಡಿ ಕಟ್ಟಿಸುವ ಸಂಕಲ್ಪ ಮಾಡಿ, ಅದಕ್ಕೆ ಯಾರ ಹೆಸರಿಡುವುದೆಂದು ನನ್ನ ಸಲಹೆ ಕೇಳಿತು. ಸಂಕಲ್ಪ ದೊಡ್ಡದು, ಸಂತೋಷ. ಹೆಸರಿನ ಬಗ್ಗೆ ನನಗೆ ವಿಶೇಷ ಆಸಕ್ತಿಯಿಲ್ಲ. ತಂದೆತಾಯಿಯ ಹೆಸರಿಡುವ ಆಸೆ ಸಹಜ, ಅದನ್ನು ಹೀಗಳೆಯಲಾರೆ. ನಾನು ಕೇಳಿದ್ದು ಇಷ್ಟೇ: ಸಂಜೆ ಶಾಲೆ ಬಿಟ್ಟ ಮೇಲೆ ಬೀಗದ ಕೈ ಯಾರ ಬಳಿ ಇರುತ್ತದೆ? ಭಾನುವಾರ ಹೊಲದ ಕೆಲಸಕ್ಕೆ ಹೋಗುವ ಹುಡುಗಿ ಎಷ್ಟು ಹೊತ್ತಿಗೆ ಬಂದು ಓದಬಹುದು? ದೀಪದ ಖರ್ಚು ಯಾರದು? ಉತ್ತರ ಇನ್ನೂ ಬಂದಿಲ್ಲ. ಇದನ್ನು ಓದಿದ ಮೇಲಾದರೂ ಬಂದೀತೆಂದು ಕಾದಿದ್ದೇನೆ.

ಲಂಡನ್ನಿನ ಆ ಸಂಗ್ರಹಾಲಯದ ಮುಂದಿನ ಕಥೆಯನ್ನು ಹೇಳಿ ಮುಗಿಸುತ್ತೇನೆ. ಶೀಪ್‌ಶ್ಯಾಂಕ್ಸ್ ಬಯಸಿದಂತೆ ಇತರರೂ ಕೊಟ್ಟರು. 1888ರಲ್ಲಿ ಕಾನ್‌ಸ್ಟೆಬಲ್ಲನ ಮಗಳು ಇಸಬೆಲ್ ತಂದೆಯ ನೂರಾರು ಚಿತ್ರಗಳನ್ನೂ ಕರಡು ರೇಖಾಚಿತ್ರಗಳನ್ನೂ ಅಲ್ಲಿಗೇ ಸಲ್ಲಿಸಿದಳು. ಕಾನ್‌ಸ್ಟೆಬಲ್ಲನನ್ನು ಅರಿಯಬೇಕಾದವರು ಇಂದಿಗೂ ಅಲ್ಲಿಗೆ ಹೋಗಬೇಕು. 1900ರಲ್ಲಿ ಐಯೊನೈಡಿಸ್ ಎಂಬ ಗ್ರೀಕ್ ಮೂಲದ ಧನಿಕರ ಸಂಗ್ರಹ ಬಂದಿತು. ಅದು ಚದರದೆ ಒಂದಾಗಿಯೇ ಇರಬೇಕೆಂಬ ಷರತ್ತಿನೊಂದಿಗೆ. ಅದೂ ಒಂದು ಬಗೆ. 1880ರಿಂದ ಅಲ್ಲಿರುವ ಇನ್ನೊಂದು ವಸ್ತುವಂತೂ ಯಾರೂ ದಾನ ಕೊಟ್ಟದ್ದಲ್ಲ. ಶ್ರೀರಂಗಪಟ್ಟಣದಿಂದ 1799ರಲ್ಲಿ ಕೊಳ್ಳೆಯಾಗಿ ಹೋದ ಟಿಪ್ಪುವಿನ ಮರದ ಹುಲಿ. ಲಂಡನ್ನಿಗೆ ಹೋದ ನಮ್ಮವರು ನೇರವಾಗಿ ಅದರ ಮುಂದೆ ನಿಂತು ಛಾಯಾಚಿತ್ರ ತೆಗೆಸಿಕೊಂಡು ಹೊರಬರುತ್ತಾರೆ. ತೆಗೆಸಿಕೊಳ್ಳಲಿ. ಹಾಗೆಯೇ ಚಿತ್ರಗಳ ಕೊಠಡಿಗಳಿಗೂ ಒಮ್ಮೆ ಹೋಗಿ ಬನ್ನಿ. 1996ರಿಂದ ಕೆಲಕಾಲ ಪ್ರವೇಶಶುಲ್ಕವಿತ್ತು. 2001ರ ನವೆಂಬರಿನಿಂದ ಅದಿಲ್ಲ. ಚಿತ್ರದ ಪಕ್ಕದ ಚಿಕ್ಕ ಚೀಟಿಯಲ್ಲಿ ‘ಜಾನ್ ಶೀಪ್‌ಶ್ಯಾಂಕ್ಸ್ ಅವರ ಕೊಡುಗೆ, 1857’ ಎಂದು ಸಣ್ಣ ಅಕ್ಷರದಲ್ಲಿ ಇರುತ್ತದೆ. ಭಾನುವಾರ ಮಧ್ಯಾಹ್ನವೂ ತೆರೆದಿರುತ್ತದೆ.